ಕೈಗೆ ದಕ್ಕುವ ವಿದ್ಯೆ

ವಿದ್ಯೆ ಎಂದೊಡನೆ ಎಲ್ಲರ ಕಣ್ಣ ಮುಂದೆ ನಿಲ್ಲುವುದು ಪುಸ್ತಕ, ಲೇಖನಿ, ಕರಿಹಲಗೆ. ಆದರೆ ಮನುಷ್ಯನ ಮಾನವನ್ನು ಕಾಯುವ ಬಟ್ಟೆ ಹುಟ್ಟಿದುದು ಕೈಯಿಂದ. ನೂಲುವುದು, ನೇಯುವುದು, ಹೊಲಿಯುವುದು ಇವನ್ನು ಓದಿ ತಿಳಿಯಬಹುದು. ಕಲಿಯಬೇಕಾದರೆ ಮಾತ್ರ ಮಾಡಿಯೇ ಕಲಿಯಬೇಕು.

ಗಾಂಧೀಜಿಯವರು 1915ರಲ್ಲಿ ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಮರಳಿದಾಗ ಚರಕವನ್ನು ಕಣ್ಣಾರೆ ಕಂಡಿರಲಿಲ್ಲ. ಸಾಬರಮತಿಯ ಆಶ್ರಮದಲ್ಲಿ ಕೆಲವು ಕೈಮಗ್ಗಗಳನ್ನು ಹೂಡಿದರು. ಆದರೆ ಆಶ್ರಮವಾಸಿಗಳಲ್ಲಿ ಓದುಬರಹದ ವೃತ್ತಿಯವರೂ ವ್ಯಾಪಾರಿಗಳೂ ಇದ್ದರೇ ಹೊರತು ಕುಶಲಕರ್ಮಿ ಒಬ್ಬನೂ ಇರಲಿಲ್ಲ. ಮಗ್ಗವಿತ್ತು, ನೇಯುವ ಕೈ ಇರಲಿಲ್ಲ. ಪಾಲನಪುರದಿಂದ ಒಬ್ಬ ನೇಕಾರನನ್ನು ಕರೆಸಿದರು. ಅವನು ತನ್ನ ವಿದ್ಯೆಯನ್ನು ಪೂರ್ತಿಯಾಗಿ ಹೇಳಿಕೊಡಲಿಲ್ಲ. ಮಗನಲಾಲ ಗಾಂಧಿಯವರು ಎದೆಗುಂದದೆ ಮಗ್ಗದ ಮರ್ಮವನ್ನು ತಾವೇ ಸಾಧಿಸಿದರು. ಅನಂತರ ಅಲ್ಲಿಯೇ ಒಬ್ಬರಾದ ಮೇಲೊಬ್ಬರು ನೇಯ್ಗೆಯಲ್ಲಿ ತರಬೇತಾದರು.

ಈ ವಿದ್ಯೆಯ ಮೊದಲ ಪಾಠ ತಕಲಿ. ಒಂದು ಕೈ ತಕಲಿಯನ್ನು ತಿರುಗಿಸುತ್ತದೆ, ಇನ್ನೊಂದು ಕೈ ಹಂಜಿಯಿಂದ ಎಳೆಯನ್ನು ಸೆಳೆಯುತ್ತದೆ. ಅವಸರದಿಂದ ಸೆಳೆದರೆ ಎಳೆ ಹರಿಯುತ್ತದೆ. ಅಳುಕಿ ಸೆಳೆದರೆ ದಪ್ಪವಾಗಿ ಗಂಟುಗಂಟಾಗುತ್ತದೆ. ಎಷ್ಟು ಸೆಳೆಯಬೇಕೆಂಬುದನ್ನು ಗುರುವೂ ಮಾತಿನಲ್ಲಿ ಹೇಳಲಾರ. ಹಲವು ಬಾರಿ ಹರಿದ ಎಳೆಯೇ ಅದನ್ನು ಬೆರಳಿಗೆ ಕಲಿಸುತ್ತದೆ.

ಮಗ್ಗದ ಪಾಠ ಇನ್ನೂ ಕಠಿಣವಾದುದು. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ಹಾಯುವ ನೂಲು ಹೊಕ್ಕು. ಕಾಲು ತುಳಿದಾಗ ಹಾಸಿನ ಕೆಲವು ಎಳೆಗಳು ಮೇಲೇಳುತ್ತವೆ, ಉಳಿದವು ಕೆಳಗಿಳಿಯುತ್ತವೆ. ನಡುವೆ ತೆರೆದ ದಾರಿಯಲ್ಲಿ ಲಾಳಿ ಓಡುತ್ತದೆ. ಹಣಿಗೆಯು ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ. ಕಾಲು, ಕೈ, ಕಣ್ಣು ಒಂದೇ ಲಯಕ್ಕೆ ಬಂದಲ್ಲದೆ ಬಟ್ಟೆ ಬೆಳೆಯದು. ಹಾಸಿನಲ್ಲಿ ಒಂದೆಳೆ ತಪ್ಪಿದರೂ ಆ ದೋಷ ಬಟ್ಟೆಯುದ್ದಕ್ಕೂ ಸಾಗುತ್ತದೆ.

ಸೂಜಿಯ ವಿದ್ಯೆಯೂ ಹೀಗೆಯೇ. ಧಾರವಾಡ ಪ್ರಾಂತದ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಮೇಲೆ ಹಾಕುತ್ತಿದ್ದ ಕಸೂತಿಯನ್ನು ನೋಡಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಮೂಡುತ್ತವೆ. ಗವಂತಿ, ಮುರ್ಗಿ ಎಂಬ ಹೊಲಿಗೆಗಳಲ್ಲಿ ದಾರಕ್ಕೆ ಗಂಟಿಲ್ಲ. ಬಟ್ಟೆಯ ಒಳಮೈ ಹೊರಮೈ ಒಂದೇ ತೆರನಾಗಿ ಕಾಣುತ್ತವೆ. ಎಣಿಕೆ ತಪ್ಪಿದವಳು ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕು. ತಪ್ಪನ್ನು ಮುಚ್ಚಿಡಲು ಅಲ್ಲಿ ಎಡೆಯೇ ಇಲ್ಲ.

ಇಂಥ ಕಲಿಕೆಗೆ ಶಾಲೆಯಲ್ಲಿ ಸ್ಥಾನ ಕೊಡುವ ಯೋಚನೆ 1937ರ ಅಕ್ಟೋಬರಿನಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ರೂಪುಗೊಂಡಿತು. ಡಾ. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿಯು ಅದರ ಪಠ್ಯಕ್ರಮವನ್ನು ರಚಿಸಿತು. ಮಕ್ಕಳ ದುಡಿಮೆಯಿಂದಲೇ ಶಾಲೆಯ ವೆಚ್ಚ ಹುಟ್ಟಬೇಕೆಂಬ ಮಾತು ಆಗಲೇ ವಾದಕ್ಕೆ ಗುರಿಯಾಯಿತು. ಹಾಗಾದರೆ ಶಾಲೆ ಕಾರ್ಖಾನೆಯಾಗದೆ? ಮಗು ಕೂಲಿಯಾಗದೆ? ಈ ಅಂಜಿಕೆ ಹುರುಳಿಲ್ಲದುದಲ್ಲ. ಲಾಭಕ್ಕಾಗಿ ದುಡಿಸಿದರೆ ಮಗುವಿನ ಬಾಲ್ಯ ಬಾಡುತ್ತದೆ. ಕಲಿಕೆಗಾಗಿ ಮಾಡಿಸಿದರೆ ಬುದ್ಧಿ ಅರಳುತ್ತದೆ. ಎರಡರ ನಡುವಣ ಗೆರೆಯನ್ನು ಕಾಯುವುದು ಹಿರಿಯರ ಹೊಣೆ.

ಕಲಿತವರೆಲ್ಲ ನೇಕಾರರೂ ದರ್ಜಿಗಳೂ ಆಗಬೇಕಾಗಿಲ್ಲ. ಯಂತ್ರದ ಬಟ್ಟೆ ಅಗ್ಗವಾಗಿ ದೊರೆಯುವ ಕಾಲವಿದು. ಆದರೂ ಒಂದು ಗೇಣು ಬಟ್ಟೆಯನ್ನು ಸ್ವತಃ ನೇಯ್ದವನು, ಹರಿದ ಅಂಗಿಗೆ ತಾನೇ ತೇಪೆ ಹಾಕಿದವನು, ಬಟ್ಟೆಯನ್ನು ಹಗುರವಾಗಿ ಬಿಸುಡಲಾರ. ನೇಕಾರನ ಬೆವರಿಗೆ ಬೆಲೆ ಕಟ್ಟುವಾಗ ಜಿಪುಣನಾಗಲಾರ. ಕೈ ದುಡಿಮೆ ಕೀಳು, ತಲೆ ದುಡಿಮೆ ಮೇಲು ಎಂಬ ಭಾವನೆ ನಮ್ಮ ಸಮಾಜವನ್ನು ಬಹುಕಾಲ ಸೀಳಿದೆ. ಅಧಿಕಾರಿಯ ಮಗನೂ ನೇಕಾರನ ಮಗಳೂ ಒಂದೇ ಸಾಲಿನಲ್ಲಿ ಕುಳಿತು ಹರಿದ ಎಳೆಯನ್ನು ಕೂಡಿಸಲು ಕಲಿಯುವಾಗ, ಆ ಸೀಳು ಕೂಡ ಕೂಡಿಕೊಳ್ಳತೊಡಗುತ್ತದೆ.