ಹಿಂದಿನ ಸೀಟು

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ನನ್ನ ಮುಂದೆಯೇ ಒಂದು ವಾಗ್ಯುದ್ಧ ನಡೆದಿತ್ತು. ವಿಷಯ ಗಡಿಯದೂ ಅಲ್ಲ, ನೀರಿನದೂ ಅಲ್ಲ, ಕಾರಿನದು. ಹೊಸದಾಗಿ ಮದುವೆಯಾದ ನಮ್ಮ ತರುಣ ಸದಸ್ಯರೊಬ್ಬರು ಒಂಬತ್ತು ಲಕ್ಷದೊಳಗೆ ಒಂದು ಚಿಕ್ಕ ಸೆಡಾನ್ ಕೊಳ್ಳುವವರಿದ್ದಾರೆ. "ಓಡಿಸೋದಕ್ಕೆ ಮಜಾ ಬರಬೇಕು ಸಾರ್, ಇಲ್ಲದಿದ್ದರೆ ಬಸ್ಸೇ ಸಾಕಲ್ಲ" ಎಂದು ಅವರ ವಾದ. "ಡಿಕ್ಕಿ ಎಷ್ಟು ದೊಡ್ಡದು, ಲೀಟರಿಗೆ ಎಷ್ಟು ಓಡುತ್ತದೆ, ಅದನ್ನು ನೋಡ್ರಿ. ಮಜಾ ನಾಲ್ಕು ದಿನದ್ದು, ಕಂತು ಏಳು ವರ್ಷದ್ದು" ಎಂದು ನಮ್ಮ ಖಜಾಂಚಿಯವರ ಪ್ರತಿವಾದ. ಕೊನೆಗೆ ಇಬ್ಬರೂ ನನ್ನತ್ತ ತಿರುಗಿ, "ನೀವು ಬಿ.ಎಸ್‌ಸಿ. ಮಾಡಿದವರು, ನೀವೇ ಹೇಳಿಬಿಡಿ" ಎಂದರು. ಅಷ್ಟರಲ್ಲಿ ಕೋಸಂಬರಿ ಬಂತು, ಸಾಲು ಮುಂದೆ ಸರಿಯಿತು, ನಾನು ಪಾರಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ತಟ್ಟೆ ಹಿಡಿದು ನಿಂತು ಹೇಳುವಂಥದಾಗಿರಲಿಲ್ಲ, ಅಷ್ಟೇ.

ಈ ಚಿಕ್ಕ ಸೆಡಾನ್ ಎಂಬುದು ಎಂಥ ವಸ್ತು ಎಂಬುದನ್ನು ಮೊದಲು ನೋಡೋಣ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೇನು? ಉದ್ದ ನಾಲ್ಕು ಮೀಟರ್ ಮೀರಬಾರದು, ಎಂಜಿನ್ನು ಪೆಟ್ರೋಲಿನದಾದರೆ 1200 ಸಿ.ಸಿ., ಡೀಸೆಲಿನದಾದರೆ 1500 ಸಿ.ಸಿ. ಮೀರಬಾರದು. ನಮ್ಮಂಥ ಯಾವನೋ ಒಬ್ಬ ಕಾರಕೂನ ಕಡತದಲ್ಲಿ ಟೈಪು ಮಾಡಿರಬಹುದಾದ ಆ ಒಂದು ಸಾಲು ದೇಶದ ಕಾರುಗಳ ಬಾಲವನ್ನೇ ಕತ್ತರಿಸಿತು! 2008ರಲ್ಲಿ ಟಾಟಾದವರ ಇಂಡಿಗೋ ಸಿ.ಎಸ್. ಹೀಗೆ ಬಾಲ ಮೊಟಕಾಗಿಸಿಕೊಂಡು ಬಂತು. ಮಾರುತಿಯ ಡಿಸೈರ್ ಮೊದಲು 4160 ಮಿಲಿಮೀಟರ್ ಉದ್ದವಿದ್ದದ್ದು 2012ರಲ್ಲಿ 3995ಕ್ಕೆ ಇಳಿಯಿತು. 2013ರಲ್ಲಿ ಹೋಂಡಾ ಅಮೇಜ್ ಬಂತು, ಅದರ ಬೆನ್ನಿಗೆ ಇನ್ನೂ ಕೆಲವು ಬಂದವು. ಈ ನಾಲ್ಕು ಮೀಟರಿನ ಗೆರೆ ಇವತ್ತಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದಾಗಲೂ ಅಳತೆಗೋಲು ಅದೇ.

ಅಂದರೆ ನಾಲ್ಕು ಮೀಟರಿನ ಪೆಟ್ಟಿಗೆಯಲ್ಲಿ ಎಂಜಿನ್ನಿಗೆ ಜಾಗ, ಐದು ಜನಕ್ಕೆ ಜಾಗ, ಹಿಂದೆ ಸಾಮಾನಿಗೆ ಜಾಗ, ಎಲ್ಲವೂ ಆಗಬೇಕು. ಬೆಲೆಯೂ ಕೈಗೆ ಎಟುಕಬೇಕು. ಕೊಟ್ಟ ಹಣದಲ್ಲಿ ಒಂದನ್ನು ಹೆಚ್ಚು ಮಾಡಿದರೆ ಇನ್ನೊಂದು ಕಡಿಮೆಯಾಗಲೇಬೇಕು. ಸಂಬಳದ ದಿನ ಮನೆಯಲ್ಲಿ ನಾವು ಮಾಡುವ ಲೆಕ್ಕವನ್ನೇ ಎಂಜಿನಿಯರರು ಕಾರಿನಲ್ಲಿ ಮಾಡಿದ್ದಾರೆ.

ಇನ್ನು ನನ್ನ ಕಥೆ. ನಾನು ಧಾರವಾಡದ ಕಡೆಯವನು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಾರಕೂನನಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಹತ್ತು ವರ್ಷ ಸ್ಕೂಟರು ತುಳಿದ ಮೇಲೆ 2014ರಲ್ಲಿ ಬ್ಯಾಂಕಿನ ಸಾಲ ಮಾಡಿ ಮೊದಲ ಕಾರು ತಂದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ಏಕೆಂದರೆ ಅದರದೇನೂ ತಪ್ಪಿಲ್ಲ. ಚಾಲಕನ ಕಾರು ಎಂದು ನಾಲ್ಕು ಜನ ಹೊಗಳಿದ್ದನ್ನೇ ಹುಡುಕಿ ತಂದಿದ್ದೆ. ಕೆಳಮಟ್ಟದ ಸೀಟು, ಗಟ್ಟಿ ಸ್ಪ್ರಿಂಗು, ಬೆರಳು ಅಲುಗಿಸಿದರೆ ತಿರುಗುವ ಸ್ಟಿಯರಿಂಗು. ಹಿಂದಿನ ಸೀಟಿನಲ್ಲಿ ನಾನು ಕೂತು ನೋಡಿದ್ದು ಶೋರೂಮಿನಲ್ಲಿ ಅರ್ಧ ಮಿನಿಟು ಇರಬೇಕು.

ಅದನ್ನು ನಡೆಸುವ ಸುಖವನ್ನು ಅಲ್ಲಗಳೆದರೆ ಸುಳ್ಳು ಹೇಳಿದಂತಾಗುತ್ತದೆ. ಸ್ವಾಮಿ, ಕಾರಕೂನನ ಬದುಕು ನಿಮಗೆ ಗೊತ್ತೇ ಇದೆ. ಕಚೇರಿಯಲ್ಲಿ ನನ್ನ ಕೈ ತಿರುಗಿದರೆ ಏನೂ ತಿರುಗುವುದಿಲ್ಲ. ನಾನು ಟಿಪ್ಪಣಿ ಬರೆಯಬೇಕು, ಮೇಲಿನವರು 'ಚರ್ಚಿಸಿ' ಎಂದು ಬರೆಯಬೇಕು, ಅವರ ಮೇಲಿನವರು ರಜೆಯ ಮೇಲೆ ಹೋಗಬೇಕು. ಹೀಗೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹಬ್ಬಗಳೇ ಕಳೆದುಹೋಗುತ್ತವೆ. ಆದರೆ ಕಾರಿನಲ್ಲಿ ನಾನು ತಿರುಗಿಸಿದ ಕ್ಷಣವೇ ಅದು ತಿರುಗುತ್ತಿತ್ತು! ಇಡೀ ದಿನದಲ್ಲಿ ನನ್ನ ಮಾತು ಕೇಳುತ್ತಿದ್ದದ್ದು ಅದೊಂದೇ. ಆದ್ದರಿಂದ ಬಡ ಗುಮಾಸ್ತನಿಗೆ ಮೋಜಿನ ಕಾರು ಯಾಕೆ ಎಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಅವನಿಗೇ ಅದು ಹೆಚ್ಚು ಬೇಕು.

2018ರ ದೀಪಾವಳಿಗೆ ಊರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನಮ್ಮ ಅವ್ವ, ಎರಡು ಮಕ್ಕಳು. ಮುಂದೆ ನನ್ನ ಪಕ್ಕದಲ್ಲಿ ಮನೆಯಾಕೆ. ಪುಣೆಯಿಂದ ಸಾತಾರಾ ಕಡೆಗೆ ಹೋಗುವವರು ಆಗ ಖಂಬಾಟ್ಕಿ ಘಾಟನ್ನು ಹತ್ತಿ ಇಳಿಯಬೇಕಾಗಿತ್ತು. ನನಗೆ ಅದು ಇಡೀ ಪ್ರಯಾಣದಲ್ಲೇ ಮೆಚ್ಚಿನ ಜಾಗ. ಒಂದಾದ ಮೇಲೊಂದು ತಿರುವು, ಕಾರು ಹಳಿಯ ಮೇಲೆ ಓಡಿದಂತೆ ಓಡುತ್ತಿತ್ತು. ಮೂರನೆಯ ತಿರುವಿಗೆ ಅವ್ವ, "ತಮ್ಮಾ, ಸ್ವಲ್ಪ ನಿಂದ್ರಸೋ" ಎಂದಳು. ನಿಲ್ಲಿಸಲು ಜಾಗವಿರಲಿಲ್ಲ. ಜಾಗ ಸಿಗುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಅವ್ವನ ಸೀರೆ, ಸೀಟು ಎಲ್ಲ ಕೆಟ್ಟಿತು. ಮಕ್ಕಳು ಮೂಗು ಮುಚ್ಚಿಕೊಂಡವು. ಅವ್ವ ಮಾತ್ರ ಊರು ಮುಟ್ಟುವ ತನಕ ಒಂದೂ ಮಾತಾಡಲಿಲ್ಲ.

ಯಾಕೆ ಹೀಗಾಗುತ್ತದೆ ಎಂಬುದು ನಾನು ಪರೀಕ್ಷೆಗೆ ಓದಿದ ಪಾಠವೇ. ತಿರುವಿನಲ್ಲಿ ನಮ್ಮನ್ನು ಪಕ್ಕಕ್ಕೆ ತಳ್ಳಿದಂತೆ ಅನ್ನಿಸುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ತಿರುವಿನಲ್ಲಿ 60ರಲ್ಲಿ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಬಲ ಹೆಚ್ಚಿದ್ದು ಎರಡೂಕಾಲು ಪಟ್ಟು. ನಡೆಸುವವನಿಗೆ ಇದು ತಿಳಿಯುವುದಿಲ್ಲ. ಅವನ ಕಣ್ಣು ರಸ್ತೆಯ ಮೇಲಿದೆ, ಕೈಯಲ್ಲಿ ಆಸರೆಯಿದೆ, ಯಾವ ಕಡೆ ವಾಲಬೇಕೆಂಬುದು ಮೊದಲೇ ಗೊತ್ತಿದೆ. ಹಿಂದೆ ಕೂತವರಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಕಣ್ಣು 'ಸುಮ್ಮನೆ ಕೂತಿದ್ದೇವೆ' ಎನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ 'ಇಲ್ಲ, ಉರುಳುತ್ತಿದ್ದೇವೆ' ಎನ್ನುತ್ತದೆ. ಈ ಎರಡರ ಜಗಳ ಹೊಟ್ಟೆಗೆ ಬರುತ್ತದೆ. ನನಗೆ ಮೋಜು ಕೊಟ್ಟದ್ದೂ ಅವ್ವನಿಗೆ ವಾಂತಿ ತಂದದ್ದೂ ಒಂದೇ ಬಲ. ಸೂತ್ರ ಬಾಯಿಪಾಠವಿದ್ದವನಿಗೆ ಇದು ಹೊಳೆಯಲಿಲ್ಲ ನೋಡಿ.

ಆ ಮೇಲೆ ಊರಿಗೆ ಹೊರಟಾಗಲೆಲ್ಲ ಅವ್ವನದು ಒಂದೇ ಮಾತು: "ಬ್ಯಾಡೋ ತಮ್ಮಾ, ನೀವು ಹೋಗಿ ಬರ್ರಿ. ನನ್ನ ಮೊಣಕಾಲ ಸುದ್ದಿ ನಿನಗ ಗೊತ್ತೈತಿ." ನಾನು ಮೊಣಕಾಲಿಗೆ ಎಣ್ಣೆ ತಂದುಕೊಟ್ಟೆ, ಡಾಕ್ಟರರಲ್ಲಿಗೆ ಕರೆದೊಯ್ದೆ. ರೈಲಿದೆ, ಆದರೆ ಕಂತು ಕಟ್ಟುತ್ತಿರುವ ಕಾರು ಬಾಗಿಲಲ್ಲಿ ನಿಂತಿರುವಾಗ ರೈಲಿಗೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ. 2019ರಲ್ಲಿ ಎರಡು ಸಲ ಅವ್ವನನ್ನು ಬಿಟ್ಟೇ ಹೋಗಿಬಂದೆವು. ಊರಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಎರಡು ಸಲವೂ ಅಂಗಳಕ್ಕೆ ಬಂದು ಕಾರಿನೊಳಗೆ ಬಗ್ಗಿ ನೋಡಿ, "ಆಕಿ ಬರಲಿಲ್ಲೇನೋ?" ಎಂದು ಕೇಳಿದಳು. 2020ರಲ್ಲಿ ರೋಗ ಬಂದು ದಾರಿಗಳೇ ಮುಚ್ಚಿದವು. 2021ರ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದ್ದು ಆ 2018ರ ದೀಪಾವಳಿಯಲ್ಲೇ ಕೊನೆ.

ಆ ರಾತ್ರಿ ಮನೆಯಾಕೆ ಮೆಲ್ಲಗೆ ಹೇಳಿದಳು: "ಅತ್ತಿಯವರಿಗೆ ಮೊಣಕಾಲ ನೋವು ಅಲ್ಲರಿ. ನಿಮ್ಮ ಗಾಡ್ಯಾಗ ಕೂಡಲಿಕ್ಕೆ ಅಂಜಿಕಿ. ಮೊಮ್ಮಕ್ಕಳ ಮುಂದ ಹಂಗಾತಲ್ಲ, ಅದರದೂ ನಾಚಿಕಿ. ನಿಮಗ ಹೇಳಬ್ಯಾಡ ಅಂದಿದ್ದರು, ನೀವು ಪ್ರೀತಿಲೇ ತಂದ ಕಾರು ಅಂತ."

ಇದಕ್ಕೆ ನಾನು ಏನು ಹೇಳಲಿ? ಕಾರಿಗೆ ಬಯ್ಯುವಂತಿರಲಿಲ್ಲ. ಮೆಲ್ಲಗೆ ನಡೆಸಿದ್ದರೆ ಅದೇ ಕಾರಿನಲ್ಲಿ ಅವ್ವ ಬಂದಾಳಾಗಿತ್ತು. ಆದರೆ ಮೆಲ್ಲಗೆ ನಡೆಸುವುದಕ್ಕೆಂದು ನಾನು ಅದನ್ನು ಕೊಂಡಿರಲಿಲ್ಲವಲ್ಲ.

2023ರಲ್ಲಿ ಅದನ್ನು ಮಾರಿ ಬೇರೆ ಸೆಡಾನ್ ಕೊಳ್ಳಲು ಹೊರಟಾಗ ಅವ್ವನನ್ನೂ ಶೋರೂಮಿಗೆ ಕರೆದುಕೊಂಡು ಹೋದೆ. ಮಾರುವ ಹುಡುಗ ನನಗೆ ಅಶ್ವಶಕ್ತಿ, ಪರದೆ, ಕ್ಯಾಮೆರಾ ಎಂದು ಶುರುಮಾಡಿದ. ಅವ್ವ ಯಾವುದನ್ನೂ ಕೇಳದೆ ಹಿಂದಿನ ಬಾಗಿಲು ತೆಗೆಸಿ, ಒಳಗೆ ಕೂತು, ಇಳಿದು, ಮತ್ತೆ ಕೂತು ನೋಡಿದಳು. ಸೀಟು ಎಷ್ಟು ಎತ್ತರ, ಕಾಲು ಒಳಗೆಳೆದುಕೊಳ್ಳಲು ಬಾಗಿಲು ಎಷ್ಟು ತೆರೆಯುತ್ತದೆ, ಮುಂದಿನ ಸೀಟಿಗೂ ತನ್ನ ಮೊಣಕಾಲಿಗೂ ಎಷ್ಟು ಅಂತರ, ಕಿಟಕಿಯಿಂದ ಹೊರಗೆ ಕಾಣುತ್ತದೆಯೋ ಇಲ್ಲವೋ. ಇಷ್ಟು ಶಾಸ್ತ್ರೋಕ್ತ ಪರೀಕ್ಷೆಯನ್ನು ನಾನು ಎಲ್ಲಿಯೂ ಓದಿಲ್ಲ. ಕೊನೆಗೆ, "ಚೀಲ ಎಲ್ಲಿಡೂದು?" ಎಂದಳು. ಹುಡುಗ ಡಿಕ್ಕಿ ತೆರೆದು ತೋರಿಸಿದ. ನಮ್ಮ ಮಾತಿನಲ್ಲಿ ಡಿಕ್ಕಿ ಎಂದರೆ ಗುದ್ದುವುದೂ ಹೌದು, ಗಂಟು ಇಡುವ ಜಾಗವೂ ಹೌದು; ಅವ್ವನಿಗೆ ಬೇಕಾದದ್ದು ಎರಡನೆಯದು. ಊರಿಂದ ಬರುವಾಗ ಜೋಳದ ಚೀಲ, ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಬರಬೇಕಲ್ಲ!

ಆ ತರುಣರಿಗೆ ಈಗ ನನ್ನ ಉತ್ತರ ಹೇಳುತ್ತೇನೆ. ಮನೆಗೊಂದೇ ಕಾರು ಇರುವವರ ಅಗ್ಗದ ಸೆಡಾನು ಮೊದಲು ಅನುಕೂಲದ ಕಡೆಗೇ ವಾಲಬೇಕು. ಎರಡು ಕಾರು ಇರುವವರು ಒಂದನ್ನು ಮೋಜಿಗೆ ಇಟ್ಟುಕೊಳ್ಳಲಿ. ನಮ್ಮ ಕಾರಿನಲ್ಲಿ ನಡೆಸುವವನು ಒಬ್ಬ, ಕೂರುವವರು ನಾಲ್ವರು. ಮೆತ್ತನೆಯ ಸ್ಪ್ರಿಂಗು ಗುಂಡಿಯನ್ನು ನುಂಗುತ್ತದೆ, ತಿರುವಿನಲ್ಲಿ ವಾಲುತ್ತದೆ. ಗಟ್ಟಿ ಸ್ಪ್ರಿಂಗು ತಿರುವಿನಲ್ಲಿ ನಿಲ್ಲುತ್ತದೆ, ಗುಂಡಿಯಲ್ಲಿ ಬೆನ್ನು ಮುರಿಯುತ್ತದೆ. ದುಬಾರಿ ಕಾರಿನಲ್ಲಿ ಎರಡನ್ನೂ ಸಾಧಿಸಲು ಬಗೆಬಗೆಯ ಸಲಕರಣೆಗಳಿವೆ. ನಮ್ಮ ದರದ ಕಾರಿನಲ್ಲಿ ಹಿಂದಿನ ಎರಡು ಗಾಲಿಗಳ ನಡುವೆ ಟಾರ್ಷನ್ ಬೀಮ್ ಎಂಬ ಒಂದೇ ಅಡ್ಡತೊಲೆ. ಅದರ ಮೇಲೇ ಹಿಂದಿನವರ ಪಾಡು. ಆಯ್ಕೆ ಮಾಡಲೇಬೇಕಾದಾಗ ಅವರ ಪರವಾಗಿ ಮಾಡುವುದು ನ್ಯಾಯ.

ಆದರೆ ಖಜಾಂಚಿಯವರೇ, ನಿಮಗೂ ಒಂದು ಮಾತು. ಅನುಕೂಲವೆಂದರೆ ಡಿಕ್ಕಿಯ ಲೀಟರು, ಪೆಟ್ರೋಲಿನ ಲೀಟರು ಇಷ್ಟೇ ಅಲ್ಲ. 2025ರಲ್ಲಿ ಮಾರಾಟಕ್ಕಿದ್ದ ನಾಲ್ಕು ಕಾರುಗಳ ಡಿಕ್ಕಿ ನೋಡಿ: ಡಿಸೈರ್ 382 ಲೀಟರು, ಔರಾ 402, ಅಮೇಜ್ 416, ಟಿಗೋರ್ 419. ಒಂದು ಕೈಚೀಲದ ಅಂತರ. ಅದಕ್ಕಿಂತ ನೋಡಬೇಕಾದ್ದು ಬೇರೆ ಇದೆ. ಇವುಗಳ ಪೆಟ್ರೋಲ್ ಎಂಜಿನ್ನುಗಳ ಶಕ್ತಿ 80–90 ಅಶ್ವಶಕ್ತಿ. ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಐದು ಜನ ಕೂತು ಚೀಲ ಹೇರಿದರೆ ಅದರ ಮೇಲೆ ನಾಲ್ಕು ಕ್ವಿಂಟಾಲು. ಒಬ್ಬರೇ ಕೂತು ಓಡಿಸಿ ನೋಡಿದಾಗ ಚಿಗರಿಯಂತೆ ಹಾರಿದ್ದು ಘಾಟಿನಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಎಮ್ಮೆಯಾಗುತ್ತದೆ. ಬೇಕಾದಾಗ ಮುನ್ನುಗ್ಗುವ ಎಂಜಿನ್ನು, ನೆಟ್ಟಗೆ ನಿಲ್ಲಿಸುವ ಬ್ರೇಕು, ಹಿಡಿದ ದಾರಿ ಬಿಡದ ಸ್ಟಿಯರಿಂಗು, ಇವನ್ನು ಮೋಜಿನ ಖಾತೆಗೆ ಬರೆಯುವುದು ತಪ್ಪು. ಇವು ಮನೆಯವರ ಪ್ರಾಣದ ಖಾತೆಗೆ ಸೇರಿದವು. ಅಪಘಾತದ ಪರೀಕ್ಷೆಯಲ್ಲಿ ಕಾರಿಗೆ ಬಂದ ನಕ್ಷತ್ರಗಳೂ ಹಾಗೆಯೇ. 2024ರ ಹೊಸ ಡಿಸೈರಿಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಬಂದಿವೆ. ಅಂದಮೇಲೆ ಅಗ್ಗದ ಕಾರಿನಲ್ಲಿ ಇದು ಸಾಧ್ಯವಿಲ್ಲ ಎಂಬ ನೆವ ಇನ್ನು ಯಾರಿಗೂ ಉಳಿದಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಮನೆಯವರನ್ನೆಲ್ಲ ತುಂಬಿಕೊಂಡು ಒಮ್ಮೆ ಓಡಿಸಿ ನೋಡಿ. ಆಮೇಲೆ ಕೀಲಿಕೈಯನ್ನು ಬೇರೆಯವರಿಗೆ ಕೊಟ್ಟು ನೀವೇ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ನೋಡಿ. ಇದಕ್ಕೆ ಬಿ.ಎಸ್‌ಸಿ. ಬೇಕಾಗಿಲ್ಲ.

ಹೋದ ದೀಪಾವಳಿಗೆ ಅವ್ವನನ್ನು ಕೂಡಿಸಿಕೊಂಡು ಊರಿಗೆ ಹೋಗಿಬಂದೆವು. ನಿಪ್ಪಾಣಿ ದಾಟಿ ತವಂದಿ ಘಾಟು ಬಂದಾಗ ಅವ್ವ ಮಜ್ಜಿಗೆ ಕೇಳಿದಳು. ಮಗಳು ಲೋಟಕ್ಕೆ ಹಾಕಿಕೊಟ್ಟಳು. ಆ ಲೋಟ ತುಳುಕದಂತೆ ತಿರುವು ದಾಟಬೇಕೆಂದು ನಾನು ಪಣ ತೊಟ್ಟೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ಬ್ರೇಕನ್ನು ಬೆಣ್ಣೆಯಂತೆ ಒತ್ತಬೇಕು, ಸ್ಟಿಯರಿಂಗನ್ನು ಒಂದೇ ಸಲ ತಿರುಗಿಸಿ ಹಾಗೇ ಹಿಡಿಯಬೇಕು. ಬಲು ಕಷ್ಟದ ವಿದ್ಯೆ ಅದು, ಖಂಬಾಟ್ಕಿಯ ಓಟಕ್ಕಿಂತ ನೂರು ಪಾಲು ಕಷ್ಟ. ಘಾಟು ಮುಗಿದಾಗ ಕನ್ನಡಿಯಲ್ಲಿ ನೋಡಿದೆ. ಲೋಟ ಬರಿದಾಗಿತ್ತು, ಸೀರೆ ಒಣಗಿತ್ತು, ಅವ್ವ ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತಿದ್ದಳು. ನನಗಾದ ಸಂತೋಷವನ್ನು ಯಾರಿಗೆ ಹೇಳಲಿ?

ಊರಲ್ಲಿ ದೊಡ್ಡವ್ವನ ಮನೆಯ ಅಂಗಳದಲ್ಲಿ ಅವ್ವ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ನಾನು ದೂರದಲ್ಲಿ ಕಾರಿನ ಹತ್ತಿರವೇ ನಿಂತಿದ್ದೆ. ಮರಳಿ ಹೊರಡುವಾಗ ಜೋಳದ ಚೀಲ, ಗಂಟು, ಡಬ್ಬಿ ಎಲ್ಲವನ್ನೂ ಹೊಂದಿಸಿ ಡಿಕ್ಕಿ ಮುಚ್ಚಿ ನಿಟ್ಟುಸಿರು ಬಿಟ್ಟೆ. ಅವ್ವ ಹಿಂದೆ ಕೂತು, ಸೆರಗು ಸರಿಮಾಡಿಕೊಂಡು, ಸ್ವಲ್ಪ ಮುಂದೆ ಬಂದ ಮೇಲೆ ಹೇಳಿದಳು: "ಇನ್ನೊಂದು ಚೀಲ ಹಿಡೀತಿತ್ತಲ್ಲೋ ತಮ್ಮಾ."