ನಗೆಯ ಭಿತ್ತಿಪತ್ರ

ಬೇಸಿಗೆಯ ರಜೆಯಲ್ಲಿ ಗುತ್ತಿಗಾರಿನ ಮನೆಯಲ್ಲಿ ಕುಳಿತು ನಾವು ಅಕ್ಕತಂಗಿಯರು, ಮುಚ್ಚಿಹೋಗುವ ಕನ್ನಡ ಶಾಲೆಯ ಕಥೆಯುಳ್ಳ ೨೦೧೮ರ ಹಾಸ್ಯಚಿತ್ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಎಂಬುದಕ್ಕೆ ಅಭ್ಯಾಸಾರ್ಥವಾಗಿ ಫೋಟೋಶಾಪಿನಲ್ಲಿ ಭಿತ್ತಿಪತ್ರವೊಂದನ್ನು ರಚಿಸಿದೆವು. ನಗೆ ಹುಟ್ಟಲೆಂದು ಉಪಾಧ್ಯಾಯರೊಬ್ಬರ ಬಾಯನ್ನು ಸೊಟ್ಟಗೆ ಎಳೆದೆವು. ಅಧ್ಯಾಪಿಕೆಯಾಗಿ ನಿವೃತ್ತರಾದ ನಮ್ಮ ತಾಯಿಯವರು ನೋಡಿ, “ಮಕ್ಕಳೇ, ಇಲ್ಲಿ ನಗುವುದು ಯಾರನ್ನು ಕಂಡು?” ಎಂದರು. ನಿರುತ್ತರರಾದೆವು.

ಆ ಬಾಯಿ ಬೇರೊಂದು ಪದರದಲ್ಲಿದ್ದುದರಿಂದ, ಮಿಕ್ಕ ಚಿತ್ರಕ್ಕೆ ಕುಂದು ಬಾರದಂತೆ ಅದನ್ನು ಅಳಿಸಿ, ಬೀಗ ಹಾಕಿದ ಬಾಗಿಲೆದುರು ಗಂಟೆ ಬಾರಿಸುವ ಹುಡುಗನನ್ನು ನಿಲ್ಲಿಸಿದೆವು. ತಾಯಿಯವರು ನಕ್ಕರು.

ಆಗ ನಮಗೆ, ತರಗತಿಯಲ್ಲಿ ತೊದಲುತ್ತಿದ್ದ ಗೆಳತಿಯೊಬ್ಬಳನ್ನು ಅಣಕಿಸಿದುದು ನೆನಪಾಯಿತು. ಆಡಿದ ಮಾತಿಗೆ ಪದರವಿಲ್ಲ, ಅಳಿಸಲಾಗದು. ಈ ಪುಟವನ್ನು ಅವಳು ಓದುವಳಾದರೆ, ನಮ್ಮನ್ನು ಕ್ಷಮಿಸಬೇಕೆಂದು ಬೇಡುತ್ತೇವೆ.