ಅಕ್ಕ ಸಹಿ ಹಾಕುವ ಮುಂಚೆ

ಹೋದ ವರ್ಷ ಮಳೆಗಾಲ. ನಮ್ಮ ಗುಂಪಿನ ಒಬ್ಬನ ಅಕ್ಕ ನಾಲ್ಕು ತಿಂಗಳ ಬಸುರಿ, ಎಚ್‌ಬಿ 9 ಇತ್ತು. ಆಶಾ ಅಕ್ಕೋರು ಹೇಳಿದರೆಂದು ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದಳು. ಚೀಟಿ ಮಾಡಿಸಿ, ರಕ್ತ ಕೊಟ್ಟು ಬೆಂಚಿನ ಮೇಲೆ ಕೂತಿದ್ದವಳ ಕೈಗೆ ಯಾರೋ ಆರು ಪುಟದ ಕಾಗದ ಕೊಟ್ಟು, "ಇಲ್ಲಿ ಸಹಿ ಮಾಡ್ರಿ, ಇದೊಂದು ಸ್ಟಡಿ" ಅಂದರು. ಅಷ್ಟೇ ಹೇಳಿದ್ದು. ಅಕ್ಕ ಸಹಿ ಮಾಡಲಿಲ್ಲ. ಕಾಗದವನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದಳು.

ಮನೆಯಲ್ಲಿ ದೊಡ್ಡ ಗದ್ದಲ. ಅವಳ ಅತ್ತೆ, "ನಮ್ಮ ಸೊಸಿ ಏನ್ ಇಲಿ ಅದಾಳೇನು, ಆಕಿ ಮ್ಯಾಲೆ ಪ್ರಯೋಗ ಮಾಡಾಕ?" ಅಂತ ಕೂತುಬಿಟ್ಟರು. ಮಾವ ನಮ್ಮ ಕಡೆ ನೋಡಿ, "ನೀವು ಪೇಪರಿನ ಓದು ಓದಿದವ್ರು, ಏನೈತಿ ನೋಡಿ ಹೇಳ್ರಪಾ" ಅಂದರು. ನಮಗೆ ಏನೂ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಆರೋಗ್ಯ ವರದಿಗಾರಿಕೆ ಅಂತ ಒಂದು ಪಾಠ ಇತ್ತು, ಅದರಲ್ಲಿ ಎಲ್ಲರಿಗೂ ಒಳ್ಳೆ ಮಾರ್ಕ್ಸೇ ಬಂದಿದ್ದವು. ಆದರೆ ವೈದ್ಯರ ಒಂದು ಸಂಶೋಧನಾ ಲೇಖನವನ್ನು ಮೊದಲಿಂದ ಕೊನೆತನಕ ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಆ ರಾತ್ರಿ ಮೊಬೈಲಿನಲ್ಲಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಒಂದನ್ನು ಓದಿದೆವು. ನಮ್ಮ ಸೀಮೆಯದೇ ಆದ್ದರಿಂದ ಅದನ್ನು ಆರಿಸಿದ್ದು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ ಮಾಡಿದ ಅಧ್ಯಯನ ಅದು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿದೆ. ಹೆಸರು ನಗರದ ಕಾಲೇಜಿನದು, ಕೆಲಸ ನಡೆದದ್ದು ಮಾತ್ರ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಣಂತಿ ಸತ್ತ ಸುದ್ದಿ ಕೇಳದ ಊರು ನಮ್ಮ ಕಡೆ ಇಲ್ಲ. ರಕ್ತ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬರಬೇಕು. ಕರೆಂಟು ಹೋದರೆ ಫ್ರಿಜ್ಜೂ ಹೋಯಿತು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ, ಮೊದಲು ಹೊಟ್ಟೆ ಹುಣ್ಣಿಗೆಂದು ಬಂದದ್ದು, ಫ್ರಿಜ್ ಕೇಳುವುದಿಲ್ಲ, ನುಂಗಿದರಾಯಿತು. ಅದು ಹಳ್ಳಿಯ ಹೆರಿಗೆಯಲ್ಲಿ ಕೆಲಸ ಮಾಡುತ್ತದೆಯೇ ಎಂಬುದೇ ಪ್ರಶ್ನೆ. 1620 ಹೆಂಗಸರು ಒಪ್ಪಿದರು. ಮಗು ಹುಟ್ಟಿದ ಕೂಡಲೇ 812 ಮಂದಿಗೆ ಈ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇರುವ, ಆದರೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ಕೊಡುವ ಸಿಸ್ಟರಿಗೂ ಗೊತ್ತಿಲ್ಲ, ನುಂಗುವವಳಿಗೂ ಗೊತ್ತಿಲ್ಲ.

ರಕ್ತ ಎಷ್ಟು ಹೋಯಿತು ಅಂತ ತಿಳಿಯುವುದು ಹೇಗೆ? ಇದನ್ನು ಓದುವಾಗ ನಮಗೆ ನಿದ್ದೆ ಹಾರಿತು. ಬಾಣಂತಿಯ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ತುದಿ ಚೀಲದ ಹಾಗೆ ಕೆಳಗೆ ಇಳಿದಿರುತ್ತದೆ, ಚೀಲದ ಮೇಲೆ ಹಾಲಿನ ಅಳತೆ ಪಾತ್ರೆಯ ಮೇಲಿರುವಂತೆ ಗೆರೆಗಳು. ಅಷ್ಟೇ ಉಪಕರಣ. ಕಣ್ಣಂದಾಜಿನಲ್ಲಿ ಹೇಳಿದರೆ ನಿಜಕ್ಕಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಹೇಳುತ್ತಾರೆ ಅಂತ ಬೆಳಗಾವಿಯ ವೈದ್ಯರೇ ಇನ್ನೊಂದು ಅಧ್ಯಯನದಲ್ಲಿ ತೋರಿಸಿದ್ದರು. ಹಳೆ ಸೀರೆಯಲ್ಲಿ ಒರೆಸಿ ಎತ್ತಿದ ರಕ್ತವನ್ನು ಯಾರು ಲೆಕ್ಕ ಇಟ್ಟಾರು?

ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಮದ್ದಿನ ಗುಂಪಿನಲ್ಲಿ 6.4. ಲೀಟರು ದಾಟಿದವರು ಸಾವಿರಕ್ಕೆ 12 ಇದ್ದದ್ದು 2ಕ್ಕೆ ಇಳಿಯಿತು. ಗುಳಿಗೆ ನುಂಗಿದವರಲ್ಲಿ ಚಳಿ ನಡುಕ, ಜ್ವರ ಹೆಚ್ಚು ಕಂಡವು, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಅಂಥ ಹಾಳೆಗಳನ್ನು ಇಟ್ಟುಕೊಂಡೇ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆದು 2023ರಲ್ಲಿ ಪ್ರಕಟವಾಯಿತು.

ಇಷ್ಟಕ್ಕೆ ಖುಷಿಯಾಗಬೇಕಿತ್ತು. ಆದರೆ ನಮ್ಮಲ್ಲೊಬ್ಬಳು ಮೊಬೈಲು ಕೆಳಗಿಟ್ಟು, "ಆ 808 ಮಂದಿ?" ಅಂದಳು. ಲೆಕ್ಕ ಹಾಕಿದೆವು. ಅವರಲ್ಲಿ ಸುಮಾರು 97 ಮಂದಿಗೆ ಹೆಚ್ಚು ರಕ್ತ ಹೋಗಿದೆ. ಎಲ್ಲರಿಗೂ ಮದ್ದನ್ನೇ ಕೊಡಬಹುದಿತ್ತಲ್ಲ? ಒಂದು ಗಂಟೆವರೆಗೆ ಜಗಳ. ಕೆಲಸ ಮಾಡುತ್ತದೆ ಅಂತ ಆಗ ಖಾತ್ರಿ ಇರಲಿಲ್ಲ, ಎಲ್ಲರಿಗೂ ಕೊಟ್ಟಿದ್ದರೆ ಖಾತ್ರಿ ಆಗುತ್ತಲೂ ಇರಲಿಲ್ಲ ಎಂಬ ಮಾತನ್ನು ಒಪ್ಪಿದೆವು. ಪೂರ್ತಿ ಸಮಾಧಾನ ಈಗಲೂ ಆಗಿಲ್ಲ. ಆ ಹೆಂಗಸರ ಹೆಸರು ಎಲ್ಲೂ ಇಲ್ಲ. ಗುಟ್ಟು ಕಾಯುವುದು ನಿಯಮ, ಇರಬಾರದು ಕೂಡ. ಆದರೆ ಇವತ್ತು ಯಾವುದೋ ಊರಲ್ಲಿ ಆ ಗುಳಿಗೆ ನುಂಗುವ ಬಾಣಂತಿ ಅವರಿಗೆ ಋಣಿ ಅಂತ ಅವರಿಗೆ ಯಾರಾದರೂ ಹೋಗಿ ಹೇಳಿದ್ದಾರೋ?

ಮರುದಿನ ಅಕ್ಕನ ಕಾಗದವನ್ನು ಸಾಲುಸಾಲಾಗಿ ಓದಿದೆವು. ಕನ್ನಡದಲ್ಲೇ ಇತ್ತು, ಎಂಥ ಕನ್ನಡ ಅಂದರೆ "ಯಾದೃಚ್ಛಿಕ ಹಂಚಿಕೆ" ಅಂತ. "ಚೀಟಿ ಎತ್ತಿದಂಗ, ಯಾವ ಗುಂಪು ಬರತೈತೋ ಬರಲಿ ಅಂತ" ಎಂದು ಬಿಡಿಸಿ ಹೇಳಿದಾಗ ಅತ್ತೆಗೂ ತಿಳಿಯಿತು. ಅದು ಐರನ್ ಗುಳಿಗೆಯ ಅಧ್ಯಯನ: ಒಂದು ಗುಂಪಿಗೆ ದಿನಾ, ಇನ್ನೊಂದಕ್ಕೆ ದಿನ ಬಿಟ್ಟು ದಿನ. ಮದ್ದಿಲ್ಲದ ಗುಂಪು ಇರಲಿಲ್ಲ. ನಾಲ್ಕನೇ ಪುಟದಲ್ಲಿ ಮುಖ್ಯ ಸಂಗತಿಗಳಿದ್ದವು. ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ನಡುವೆ ಬಿಡಬಹುದು, ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಅವರದು, ದೂರಿದ್ದರೆ ಎಥಿಕ್ಸ್ ಕಮಿಟಿಗೆ ಫೋನು. ಮೇಲೆ ಸಿಟಿಆರ್‌ಐ ಅಂತ ಶುರುವಾಗುವ ಒಂದು ನಂಬರು. ಸರ್ಕಾರದ ನೋಂದಣಿ ಅದು. ಇಂಥ ಕಾಗದ ನಿಮ್ಮ ಮನೆಗೆ ಬಂದರೆ ಮೊದಲು ಆ ನಂಬರು ಹುಡುಕಿ, ಕಾಗದವನ್ನು ಮನೆಗೆ ತರುತ್ತೇನೆ ಅನ್ನಿ. ಓದು ಬರದವರಿಗೆ ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು ಅಂತಲೂ ನಿಯಮ ಇದೆ.

ಮುಂದಿನ ವಾರ ಅಕ್ಕನ ಜೊತೆ ನಾವಿಬ್ಬರು ಹೋದೆವು. ಈ ಸಲ ಸಿಕ್ಕ ಕಿರಿಯ ಡಾಕ್ಟರು ಕುರ್ಚಿ ಎಳೆದು ಕೂತು ಮಾತಾಡಿದರು. ಎಷ್ಟು ಸಲ ರಕ್ತ ತೆಗೀತೀರಿ, ಬಸ್ ಚಾರ್ಜ್ ಯಾರು ಕೊಡ್ತಾರ, ಗುಳಿಗೆಗೆ ಹೊಟ್ಟೆ ಕೆಟ್ಟರ ಯಾರಿಗೆ ಫೋನ್ ಮಾಡ್ಲಿ ಅಂತ ಅಕ್ಕ ಕೇಳಿದಳು. ಎಲ್ಲದಕ್ಕೂ ಉತ್ತರ ಬಂತು. ಕಡೆಗೆ, "ನಿಮ್ಮ ಸ್ಟಡಿ ಮುಗಿದ ಮ್ಯಾಲೆ ಯಾವುದು ಚಲೋ ಅಂತ ನನಗ ಹೇಳ್ತೀರೇನ್ರಿ?" ಅಂದಳು. ಡಾಕ್ಟರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದುವರೆಗೂ ಇದನ್ನ ಯಾರೂ ಕೇಳಿಲ್ಲ" ಅಂದು, ಕಾಗದದ ಅಂಚಿನಲ್ಲಿ ಅವಳ ಫೋನ್ ನಂಬರು ಬರೆದುಕೊಂಡರು. ಅಕ್ಕ ಸಹಿ ಹಾಕಿದಳು.

ಮಗುವಿಗೆ ಈಗ ಎಂಟು ತಿಂಗಳು. ಫೋನು ಇನ್ನೂ ಬಂದಿಲ್ಲ. ಸಿಟಿಆರ್‌ಐ ನಂಬರು ನಮ್ಮ ಮೊಬೈಲಿನಲ್ಲಿದೆ, ತಿಂಗಳಿಗೊಮ್ಮೆ ತೆಗೆದು ನೋಡುತ್ತೇವೆ. ಅಧ್ಯಯನ ನಡೆಯುತ್ತಿದೆ ಅಂತಲೇ ತೋರಿಸುತ್ತದೆ.